ದಡದಿಂದಲೇ ಡೈವ್ ಮಾಡುವುದು: ಕಡ್ಮತ್‌ಗೆ ಹೊರಟಿದ್ದೇವೆ, ತಿಳಿದವರು ಹೇಳಿ

ಬೇಳದವಳು · ಡಿಸೆಂಬರ್ 2

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಗೆ ನಾನು ಮತ್ತು ನನ್ನ ತಮ್ಮ ಲಕ್ಷದ್ವೀಪದ ಕಡ್ಮತ್‌ಗೆ ಹೊರಟಿದ್ದೇವೆ. ಪರ್ಮಿಟ್ ಆಗಿದೆ, ಕೊಚ್ಚಿಯಿಂದ ಹಡಗು. ಹೋದ ವರ್ಷ ಇಬ್ಬರೂ ಮುರ್ಡೇಶ್ವರದಲ್ಲಿ ಓಪನ್ ವಾಟರ್, ಅಂದರೆ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿದ್ದೇವೆ. ಆದರೆ ನಮ್ಮ ಆರೂ ಡೈವ್ ಅಲ್ಲೇ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ದೋಣಿಯಿಂದ. ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಮಗುಚಿದರೆ ಆಯಿತು, ನೇರ ಆಳದ ನೀರು. ಮೇಲೆ ಬಂದರೆ ಏಣಿ ಇದೆ, ಸಿಲಿಂಡರ್ ಎತ್ತಿಕೊಳ್ಳಲು ಹುಡುಗರಿದ್ದಾರೆ.

ಕಡ್ಮತ್‌ನಲ್ಲಿ ಲಗೂನಿನ (ದಡಕ್ಕೂ ಹವಳದ ಗೋಡೆಗೂ ನಡುವಿನ ನೀರು) ಒಳಗೆ ದಡದಿಂದಲೇ ಇಳಿಯಬಹುದು ಅಂತ ಹೇಳಿದ್ದಾರೆ. ಅಷ್ಟು ಭಾರ ಹೊತ್ತು ಮರಳಲ್ಲಿ ನಡೆಯುವುದು ಹೇಗೆ? ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ದಡದಲ್ಲೇ ಹಾಕಬೇಕಾ, ನೀರಲ್ಲಾ? ತೆರೆ ಬಂದು ಬೀಳಿಸಿದರೆ? ತಮ್ಮನಿಗೆ 21 ವರ್ಷ, ಎಲ್ಲದಕ್ಕೂ ಅವಸರ. ಅವನನ್ನು ಜೋಪಾನವಾಗಿ ಕರ್ಕೊಂಡು ಬರ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ಸಣ್ಣ ಪ್ರಶ್ನೆಗಳನ್ನೂ ಕೇಳುತ್ತಿದ್ದೇನೆ.

ಮಂಜೇಶ್ವರ–ಮಾಲೆ · ಡಿಸೆಂಬರ್ 2

ಅಕ್ಕ, ನಾನು ಒಂಬತ್ತು ವರ್ಷದಿಂದ ಮಾಲ್ಡೀವ್ಸ್‌ನಲ್ಲಿ ಡೈವ್ ಗೈಡ್. ದ್ವೀಪದ ಸುತ್ತಲೇ ಹವಳದ ದಿಬ್ಬ ಇದೆ. ದಿನಾ ಜನರನ್ನು ದಡದಿಂದಲೇ ಇಳಿಸುತ್ತೇನೆ. ಇಷ್ಟು ವರ್ಷದಲ್ಲಿ ನಾನು ನೋಡಿದ ಗಾಯಗಳು 15 ಮೀಟರ್ ಆಳದಲ್ಲಿ ಆದದ್ದಲ್ಲ. ಮೊಣಕಾಲು ಮುಳುಗುವ ನೀರಿನಲ್ಲಿ ಆದದ್ದು. ಇಳಿಯುವಾಗ ಇಪ್ಪತ್ತು ಹೆಜ್ಜೆ, ಹತ್ತುವಾಗ ಇಪ್ಪತ್ತು ಹೆಜ್ಜೆ. ಅಲ್ಲೇ ಕಾಲು ಉಳುಕುತ್ತದೆ, ಮಾಸ್ಕ್ ಹೋಗುತ್ತದೆ, ಹವಳ ತಾಗಿ ಮಂಡಿ ಕೀಸಿ ಹೋಗುತ್ತದೆ.

ಅದಕ್ಕೆ ನನ್ನದು ಒಂದೇ ಮಾತು. ಮೊದಲು ಹತ್ತಿ ಬರುವ ಜಾಗ ನೋಡಿ, ಆಮೇಲೆ ಇಳಿಯುವ ಜಾಗ. ಇಳಿಯುವುದು ಎಲ್ಲಿಂದ ಬೇಕಾದರೂ ಆದೀತು. ಆದರೆ ಒಂದು ಗಂಟೆ ಬಿಟ್ಟು ಸುಸ್ತಾಗಿ, ಗಾಳಿ ಕಡಿಮೆಯಾಗಿ, ಅದೇ ಭಾರ ಹೊತ್ತು ಹತ್ತಲು ಸುಲಭ ಇರುವ ಜಾಗ ಬೇಕಲ್ಲ? ಅದು ಸಿಗದಿದ್ದರೆ ಆ ದಿನ ಡೈವ್ ಬೇಡ. ಮೊದಲು ನೋಡಿದ ಜಾಗಕ್ಕೆ ಬರಲಾಗದಿದ್ದರೆ ಎಂದು ಎರಡನೆಯದೂ ಒಂದು ನೋಡಿಟ್ಟುಕೊಳ್ಳಿ.

ಕಿಟ್ ಹಾಕುವ ಮೊದಲು ಬರಿಗೈಯಲ್ಲಿ ದಡಕ್ಕೆ ಹೋಗಿ ಹದಿನೈದು ನಿಮಿಷ ಸುಮ್ನೆ ನಿಲ್ಲಿ. ಐದು ನಿಮಿಷ ಸಾಲದು. ತೆರೆಗಳು ಗುಂಪಾಗಿ ಬರುತ್ತವೆ. ನೀವು ನೋಡಿದ ಐದು ನಿಮಿಷ ಸಣ್ಣ ತೆರೆಗಳದ್ದೇ ಇರಬಹುದು.

ಇನ್ನು ಭಾರ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಒಂದೇ 16–17 ಕಿಲೋ ಬರುತ್ತದೆ. ಗಾಳಿ ತುಂಬಿ ತೇಲಿಸುವ ಜಾಕೆಟ್, ಬಾಯಲ್ಲಿ ಕಚ್ಚಿ ಉಸಿರಾಡುವ ರೆಗ್ಯುಲೇಟರ್, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಎಲ್ಲ ಸೇರಿದರೆ ಹತ್ತಿರ 25 ಕಿಲೋ. ನಮ್ಮ ಅಂಗಡಿಯ ಒಂದು ಅಕ್ಕಿ ಮೂಟೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಬಿಸಿಲಲ್ಲಿ ನಿಂತು ಫೋಟೋ ತೆಗೆಯುತ್ತಾ ಇರಬೇಡಿ. ಪರೀಕ್ಷೆ, ಮಾತುಕತೆ, ಸನ್ನೆ ಎಲ್ಲ ನೆರಳಲ್ಲೇ ಮುಗಿಸಿ. ಕಿಟ್ ಹಾಕಿದ ಮೇಲೆ ನೇರ ನೀರಿಗೆ.

ಫಿನ್ ಬಗ್ಗೆ: ನೀರು ಶಾಂತವಾಗಿದ್ದು ತಳ ಮರಳಾಗಿದ್ದರೆ ಫಿನ್ ಕೈಯಲ್ಲಿ ಹಿಡಿದು ಸೊಂಟದ ಮಟ್ಟದವರೆಗೆ ನಡೆಯಿರಿ. ಪಟ್ಟಿಯನ್ನು ಮಣಿಕಟ್ಟಿಗೆ ತೂರಿಸಿಕೊಳ್ಳಿ. ಅಲ್ಲಿ ಒಬ್ಬರ ಭುಜ ಒಬ್ಬರು ಹಿಡಿದು, ಒಂದು ಕಾಲನ್ನು ಇನ್ನೊಂದು ಮಂಡಿಯ ಮೇಲೆ ಇಟ್ಟು ಹಾಕಿಕೊಳ್ಳಿ. ಒಬ್ಬರು ಹಾಕುವಾಗ ಇನ್ನೊಬ್ಬರು ಕಡಲ ಕಡೆ ನೋಡುತ್ತಿರಬೇಕು. ಸಣ್ಣ ತೆರೆ ಒಡೆಯುತ್ತಿದ್ದರೆ ಬೇರೆ ಕ್ರಮ. ದಡದಲ್ಲೇ ಫಿನ್ ಹಾಕಿ, ಹಿಮ್ಮುಖವಾಗಿ ಕಾಲೆಳೆದುಕೊಂಡು ಇಳಿಯಿರಿ, ಕತ್ತು ತಿರುಗಿಸಿ ಕಡಲು ನೋಡುತ್ತಾ. ಫಿನ್ ಹಾಕಿ ಮುಂದಕ್ಕೆ ನಡೆದರೆ ಮುಗ್ಗರಿಸುತ್ತೀರಿ.

ಎರಡಕ್ಕೂ ಒಂದೇ ನಿಯಮ: ಕಾಲು ನೀರಿಗೆ ತಾಗುವ ಮೊದಲೇ ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಜಾಕೆಟ್‌ನಲ್ಲಿ ಸ್ವಲ್ಪ ಗಾಳಿ. ಬಿದ್ದರೂ ಉಸಿರಾಡುತ್ತೀರಿ, ತೇಲುತ್ತೀರಿ. ಬಿದ್ದರೆ ಏಳಲು ಒದ್ದಾಡಬೇಡಿ. ಬಿದ್ದಲ್ಲಿಂದಲೇ ಈಜಿ ಹೊರಡಿ.

ಕೊಯಿಪ್ಪಾಡಿ ಕಡಪ್ಪುರ · ಡಿಸೆಂಬರ್ 3

ಡೈವಿಂಗ್ ನನಗೆ ಗೊತ್ತಿಲ್ಲ ಮಗಾ, ಕಡಲು ಗೊತ್ತು. ನಲವತ್ತು ವರ್ಷ ಬಲೆ ಹಾಕಿದ್ದೇನೆ. ಸಣ್ಣವನಿದ್ದಾಗ ಬಂಡೆಯಿಂದ ಪಚ್ಚಿಲೆ (ಕಲ್ಲಿಗೆ ಅಂಟಿರುವ ಚಿಪ್ಪು) ಕೀಳಲು ಹೋಗುತ್ತಿದ್ದೆವು. ಪಚ್ಚಿಲೆ ಇರುವುದೇ ತೆರೆ ಹೊಡೆಯುವ ಕಲ್ಲಿನಲ್ಲಿ. ಅಲ್ಲಿ ಕಲಿತದ್ದು ಹೇಳುತ್ತೇನೆ. ದೊಡ್ಡ ತೆರೆ ಒಡೆದು ನೀರು ವಾಪಸು ಹೋಗುವಾಗ ಅದರ ಜೊತೆ ಇಳಿಯಬೇಕು. ಬರುವ ತೆರೆಗೆ ಎದೆ ಕೊಡಬಾರದು, ಓರೆಯಾಗಿ ನಿಲ್ಲಬೇಕು. ಬೆನ್ನು ಮಾತ್ರ ಯಾವತ್ತೂ ಕೊಡಬಾರದು. ಕಣ್ಣು ಕಡಲ ಮೇಲೇ ಇರಬೇಕು. ಆ ಹುಡುಗ ಹಿಮ್ಮುಖವಾಗಿ ಇಳಿಯಲು ಹೇಳಿದ್ದಾನೆ, ಅವನ ಕೆಲಸ ಅವನಿಗೆ ಗೊತ್ತು. ಆದರೆ ಕತ್ತು ತಿರುಗಿಸುವುದನ್ನು ಮರೆತರೆ ಕಷ್ಟ.

ಉಬ್ಬರ ಇಳಿತದ ಲೆಕ್ಕ ಇಟ್ಟುಕೊಳ್ಳಿ. ಹೆಚ್ಚು ಕಡಿಮೆ ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಇವತ್ತು ಎಂಟಕ್ಕೆ ತುಂಬಿದರೆ ನಾಳೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಎಳೆತವೂ ಜೋರು. ಅಷ್ಟಮಿ ಹೊತ್ತಿಗೆ ಮೆತ್ತಗೆ. ತಾರೀಕು ಗೊತ್ತು ಮಾಡುವ ಮೊದಲು ಪಂಚಾಂಗ ನೋಡಿ. ನೀರು ತುಂಬಿ ನಿಂತ ಹೊತ್ತಿಗೆ ಇಳಿದರೆ ಕಲ್ಲು, ಹವಳ ಕಾಲಿಗೆ ಸಿಗುವುದಿಲ್ಲ, ಎಳೆತವೂ ಕಡಿಮೆ.

ಇನ್ನೊಂದು. ಕಡಲಲ್ಲಿ ನಾವು ಜಾಗ ಗುರುತು ಹಿಡಿಯುವುದು ಎರಡು ವಸ್ತು ಸೇರಿಸಿ. ಹತ್ತಿರದ್ದೊಂದು, ದೂರದ್ದೊಂದು. ಬಾಗಿದ ತೆಂಗು, ಅದರ ಹಿಂದೆ ಮಸೀದಿಯ ಮಿನಾರ. ಎರಡೂ ಒಂದೇ ಗೆರೆಯಲ್ಲಿ ಕಂಡರೆ ನಾವು ನಮ್ಮ ಜಾಗದಲ್ಲಿದ್ದೇವೆ. ತೆಂಗು ಎಡಕ್ಕೆ ಸರಿದರೆ ನಾವು ಬಲಕ್ಕೆ ಹೋಗಿದ್ದೇವೆ ಅಂತ ಲೆಕ್ಕ. ಒಂದೇ ಗುರುತು ನಂಬಬೇಡಿ. ದ್ವೀಪದಲ್ಲಿ ತೆಂಗಿನ ಮರ ಎಲ್ಲವೂ ಒಂದೇ ಥರ.

ಕಡ್ಮತ್ ಅಂದಾಗ ನನಗೆ ಅಜ್ಜನ ನೆನಪಾಯಿತು. 1956ರವರೆಗೆ ಕಾಸರಗೋಡೂ ಅಮೀನಿ, ಕಡ್ಮತ್ ಕಡೆಯ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ದ್ವೀಪದವರು ಓಡ ಎಂಬ ಹಾಯಿದೋಣಿಯಲ್ಲಿ ತೆಂಗಿನ ನಾರಿನ ಹುರಿ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಅಜ್ಜ ಅವರನ್ನು ನೋಡಿದ್ದರು. ಅಲ್ಲಿಯ ಹಿರಿಯರು ಸಿಕ್ಕಿದರೆ ಮಾತಾಡಿಸಿ. ನಿಮ್ಮ ಕಾಸರಗೋಡಿನ ಮಲಯಾಳಂ ಸಾಕು. ಇವತ್ತು ಇಳಿಯಬಹುದಾ ಅಂತ ಅವರನ್ನೇ ಕೇಳಿ.

ಬದಿಯಡ್ಕ ಹುಡುಗ · ಡಿಸೆಂಬರ್ 3

ಅಣ್ಣಂದಿರೇ, ಲಗೂನ್ ಅಂದರೆ ಶಾಂತ ನೀರು ಅಲ್ವಾ? ಅಲ್ಲಿ ಎಳೆತ ಎಲ್ಲಿಂದ ಬರುತ್ತದೆ?

ಮಂಜೇಶ್ವರ–ಮಾಲೆ · ಡಿಸೆಂಬರ್ 3

ಒಳ್ಳೆಯ ಪ್ರಶ್ನೆ. ಹವಳದ ಗೋಡೆ ಮೇಲೆ ತೆರೆ ಒಡೆದಾಗ ನೀರು ಒಳಗೆ ಸುರಿಯುತ್ತದೆ. ಒಳಗೆ ಬಂದ ನೀರು ಹೊರಗೆ ಹೋಗಲೇಬೇಕಲ್ಲ? ಗೋಡೆಯಲ್ಲಿ ಎಲ್ಲಿ ಕಿಂಡಿ ಇದೆಯೋ ಅಲ್ಲಿಂದ ಹೋಗುತ್ತದೆ. ದೋಣಿಗಳು ಓಡಾಡುವುದೂ ಸಾಮಾನ್ಯವಾಗಿ ಅಲ್ಲೇ. ನಮ್ಮ ಕಡೆ ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ಹೊಳೆ ನುಗ್ಗುವುದನ್ನು ನೋಡಿದ್ದೀಯಲ್ಲ, ಅದೇ ಲೆಕ್ಕ. ಇಳಿತದ ಹೊತ್ತಲ್ಲಿ ಕಿಂಡಿ ಹತ್ತಿರ ಹೋಗಲೇಬಾರದು.

ಮರಳು ದಂಡೆಯಲ್ಲೂ ಹೀಗೇ. ಎರಡು ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ನೊರೆ ಇಲ್ಲದೆ ಶಾಂತವಾಗಿ ಕಂಡರೆ ಅದೇ ಎಳೆಯುವ ಜಾಗ ಇರಬಹುದು. ಹೊಸಬರು ಅದನ್ನೇ ಒಳ್ಳೆಯ ಜಾಗ ಅಂತ ಆರಿಸುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡಬೇಡ. ಜಾಕೆಟ್ ಉಬ್ಬಿಸಿ ತೇಲು, ದಡಕ್ಕೆ ಸಮವಾಗಿ ಅಡ್ಡ ಈಜು. ಎಳೆತ ಬಿಟ್ಟ ಮೇಲೆ ದಡಕ್ಕೆ ತಿರುಗು.

ಪೆರ್ಲದಿಂದ ಹಾಲೆಂಡ್ · ಡಿಸೆಂಬರ್ 4

ನಾನು ಕೆಲಸದ ಮೇಲೆ ಹಾಲೆಂಡಿನಲ್ಲಿದ್ದೇನೆ. ಎರಡು ಸಲ ಕೆರಿಬಿಯನ್‌ನ ಬೊನೇರ್ ದ್ವೀಪಕ್ಕೆ ಹೋಗಿದ್ದೆ. ದಡದ ಡೈವ್‌ಗೆಂದೇ ಹೆಸರಾದ ಜಾಗ. 1979ರಿಂದ ಅಲ್ಲಿ ಸುತ್ತಲ ಕಡಲೆಲ್ಲ ಸಂರಕ್ಷಿತ. ಪಿಕಪ್ ಬಾಡಿಗೆಗೆ ತಗೊಂಡು, ಹಿಂದೆ ಸಿಲಿಂಡರ್ ಹಾಕಿಕೊಂಡು ಹೊರಡುವುದು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲು, ಅದರ ಮೇಲೆ ಡೈವ್ ಜಾಗದ ಹೆಸರು. ನಿಲ್ಲಿಸಿ ಇಳಿಯುವುದೇ.

ಅಲ್ಲಿ ಡೈವ್ ಜಾಗ ಹೆಚ್ಚು ಕಡಿಮೆ ಎಲ್ಲ ಪಶ್ಚಿಮಕ್ಕೆ. ಗಾಳಿ ಪೂರ್ವದಿಂದ ಬೀಸುತ್ತದೆ, ದ್ವೀಪವೇ ತಡೆಗೋಡೆ. ಪೂರ್ವದ ದಡದಲ್ಲಿ ಅದೇ ಹೊತ್ತಿಗೆ ತೆರೆ ಬಂಡೆಗೆ ಅಪ್ಪಳಿಸುತ್ತಿರುತ್ತದೆ. ಯಾವ ದ್ವೀಪಕ್ಕೆ ಹೋದರೂ ಮೊದಲು ಗಾಳಿ ಯಾವ ಕಡೆಯಿಂದ ಅಂತ ಕೇಳಿ, ಅದರ ಮರೆಯ ದಡ ಹುಡುಕಿ. ಲಕ್ಷದ್ವೀಪದಲ್ಲಿ ಹೆಚ್ಚಿನ ದ್ವೀಪಗಳಿಗೆ ಲಗೂನ್ ಇರುವುದು ಪಶ್ಚಿಮಕ್ಕೆ. ಪೂರ್ವಕ್ಕೆ ಬೇಗ ಆಳ ಸಿಗುತ್ತದೆ.

'ಸಾವಿರ ಮೆಟ್ಟಿಲು' ಅಂತ ಅಲ್ಲಿ ಒಂದು ಜಾಗ. ನಿಜಕ್ಕೂ ಇರುವುದು 67 ಮೆಟ್ಟಿಲು. ಇಳಿಯುವಾಗ 67, ಸಿಲಿಂಡರ್ ಹೊತ್ತು ಹತ್ತುವಾಗ ಸಾವಿರ. ನಾನು ಮೊದಲ ದಿನವೇ ಅಲ್ಲಿಗೆ ಹೋಗಿ, ಹತ್ತಿ ಬಂದಾಗ ಕಾಲು ನಡುಗುತ್ತಿತ್ತು. ಡೈವ್ ಮುಗಿಸಿದ ತಕ್ಷಣ ಹಾಗೆ ಏದುಸಿರು ಬಿಡುವಷ್ಟು ದುಡಿಯಬಾರದು. ರಕ್ತದಲ್ಲಿ ಸೇರಿದ ನೈಟ್ರೋಜನ್ ಇನ್ನೂ ಹೊರಹೋಗುತ್ತಿರುತ್ತದೆ, ಆಗ ಮೈ ದಣಿಸಿದರೆ ಗುಳ್ಳೆ ಕಟ್ಟುವ ಅಪಾಯ ಜಾಸ್ತಿ. ನಿಂತು ನಿಂತು ಹತ್ತಿ. ಸೀಸವನ್ನು ಬೇರೆ ಮಾಡಿ ಎರಡು ಸಲ ಒಯ್ಯಿರಿ.

ಬೂಟು ಗಟ್ಟಿ ಅಟ್ಟೆಯದ್ದೇ ಬೇಕು. ನಾನು ತೆಳು ಅಟ್ಟೆಯದ್ದು ಹಾಕಿ ಹೋಗಿ, ಕಡಲ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿಯ ಮುಳ್ಳು ಹಿಮ್ಮಡಿಗೆ ಹೊಕ್ಕು ಮೂರು ದಿನ ನೀರಿಗೆ ಇಳಿಯಲಾಗಲಿಲ್ಲ.

ಮುಳ್ಳೇರಿಯ ಸಿಸ್ಟರ್ · ಡಿಸೆಂಬರ್ 4

ಮುಳ್ಳಿನ ಮಾತು ಬಂತಲ್ಲ, ನಾನು ಬರೆಯುತ್ತೇನೆ. ತುರ್ತು ವಿಭಾಗದಲ್ಲಿ ನರ್ಸ್. ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳು ಚುಚ್ಚಿಕೊಂಡ ಮೀನುಗಾರರನ್ನು ಎಷ್ಟೋ ಸಲ ನೋಡಿದ್ದೇನೆ. ಗಟ್ಟಿ ಗಂಡಸರು ಮಕ್ಕಳ ಹಾಗೆ ಅಳುತ್ತಾರೆ, ಅಷ್ಟು ನೋವು. ತೊರಕೆ ಮರಳಲ್ಲಿ ಹೂತು ಮಲಗಿರುತ್ತದೆ. ಅದಕ್ಕೆ ಹೆಜ್ಜೆ ಎತ್ತಿ ಇಡಬೇಡಿ, ಮರಳಲ್ಲಿ ಕಾಲು ಎಳೆದುಕೊಂಡು ನಡೆಯಿರಿ. ಸದ್ದಿಗೆ ಅದೇ ಎದ್ದು ಹೋಗುತ್ತದೆ. ಕಲ್ಲು ಮೀನು ಹಾಗಲ್ಲ. ಅದು ಕಲ್ಲಿನಂತೇ ಕೂತಿರುತ್ತದೆ, ಸರಿಯುವುದೂ ಇಲ್ಲ. ಹವಳ, ಕಲ್ಲು ಇರುವಲ್ಲಿ ಕಾಲೂರಬೇಡಿ, ಕೈಯೂರಬೇಡಿ.

ತೊರಕೆ, ಕಲ್ಲು ಮೀನು, ಸಿಂಹ ಮೀನು ಯಾವುದೇ ಚುಚ್ಚಿದರೂ ಮೊದಲ ಉಪಚಾರ ಬಿಸಿನೀರು. ತಡೆದುಕೊಳ್ಳುವಷ್ಟು ಬಿಸಿ, 45 ಡಿಗ್ರಿ ಮೀರಬಾರದು. ಅದರಲ್ಲಿ 30ರಿಂದ 90 ನಿಮಿಷ ಕಾಲು ಮುಳುಗಿಸಿಡಿ. ನೀರಿನ ಬಿಸಿಯನ್ನು ಗಾಯವಾದ ಕಾಲಲ್ಲಿ ನೋಡಬೇಡಿ. ನೋವಿನಲ್ಲಿ ಸುಡುವುದೇ ಗೊತ್ತಾಗುವುದಿಲ್ಲ. ಚೆನ್ನಾಗಿರುವ ಕೈಯಲ್ಲಿ ನೋಡಿ. ನೋವು ಕಡಿಮೆಯಾದರೂ ಡಾಕ್ಟರ ಹತ್ತಿರ ಹೋಗಲೇಬೇಕು. ದಡಕ್ಕೆ ಒಂದು ಫ್ಲಾಸ್ಕ್ ಬಿಸಿನೀರು ಒಯ್ಯಿರಿ. ಏನೂ ಆಗದಿದ್ದರೆ ಚಹಾ ಮಾಡಿಕೊಳ್ಳಬಹುದು.

ಹವಳ ತಾಗಿದ ಗಾಯ ಸಣ್ಣದಾಗಿ ಕಾಣುತ್ತದೆ, ಆದರೆ ಬೇಗ ಕೀವಾಗುತ್ತದೆ. ಒಳ್ಳೆಯ ನೀರು, ಸೋಪು ಹಾಕಿ ಚೂರು ಉಳಿಯದಂತೆ ತೊಳೆಯಿರಿ. ಟಿಟಿ ಇಂಜೆಕ್ಷನ್ ಆಗಿ ಎಷ್ಟು ವರ್ಷ ಆಯಿತು ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಚಂದದ ಶಂಖ ಕಂಡರೆ ಎತ್ತಬೇಡಿ. ಕೋನ್ ಆಕಾರದ ಕೆಲವು ಶಂಖದ ಹುಳಗಳಿಗೆ ಜೀವ ತೆಗೆಯುವ ವಿಷ ಇರುತ್ತದೆ. ಹವಳದ ಚೂರು ತರುವುದಂತೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಶೀತ ಇದ್ದರೆ ಡೈವ್ ಬೇಡ. ಮೂಗು ಬಿಡಿಸುವ ಮಾತ್ರೆ ತಗೊಂಡು ಇಳಿಯುವುದೂ ಬೇಡ. ಕೆಳಗಿರುವಾಗ ಮಾತ್ರೆಯ ಬಲ ಇಳಿದರೆ ಕಿವಿ, ಸೈನಸ್‌ನ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಉಪ್ಪು ಹಾಕಿದ ಗಂಜಿತಿಳಿ ನನ್ನ ಆಯ್ಕೆ.

ಮತ್ತೆ, ವಾಪಸು ಬರುವಾಗ ಹಡಗೋ ವಿಮಾನವೋ? ಅಗತ್ತಿಯಿಂದ ವಿಮಾನ ಆದರೆ, ಅದೇ ನೈಟ್ರೋಜನ್ ಕಾರಣಕ್ಕೆ, ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಬಿಟ್ಟು ಹತ್ತಬೇಕು. ಒಂದು ಇಡೀ ದಿನ ಬಿಟ್ಟರೆ ಇನ್ನೂ ಒಳ್ಳೆಯದು.

ಬೇಳದವಳು · ಡಿಸೆಂಬರ್ 5

ಓದುತ್ತಾ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ತಮ್ಮನಿಗೂ ಓದಿ ಹೇಳಿದೆ. ಫ್ಲಾಸ್ಕ್ ತಗೊಂಡಾಯಿತು ಸಿಸ್ಟರ್. ವಾಪಸೂ ಹಡಗಿನಲ್ಲೇ. ಪಂಚಾಂಗ ನೋಡಿ ಅಷ್ಟಮಿಯ ಆಸುಪಾಸಿಗೆ ದಿನ ಹೊಂದಿಸಿದ್ದೇವೆ ಮಾವ.

ಇನ್ನೊಂದೇ ಪ್ರಶ್ನೆ. ಗಾಳಿ ಎಷ್ಟು ಉಳಿದಾಗ ತಿರುಗಬೇಕು? ನೇತ್ರಾಣಿಯಲ್ಲಿ ಎಲ್ಲಿ ಮೇಲೆ ಬಂದರೂ ದೋಣಿ ಅಲ್ಲಿಗೇ ಬರುತ್ತಿತ್ತು.

ಮಂಜೇಶ್ವರ–ಮಾಲೆ · ಡಿಸೆಂಬರ್ 5

ದೊಡ್ಡ ವ್ಯತ್ಯಾಸ ಇರುವುದೇ ಅಲ್ಲಿ ಅಕ್ಕ. ದಡದ ಡೈವ್‌ನಲ್ಲಿ ಹೋದಷ್ಟು ದೂರ ನೀವೇ ವಾಪಸು ಬರಬೇಕು. ಮೂರು ಪಾಲು ಮಾಡಿ. ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು. ಮೀಟರಿನಲ್ಲಿ 200 ಬಾರ್ (ಸಿಲಿಂಡರಿನ ಗಾಳಿಯ ಒತ್ತಡ) ಇರುವಾಗ ಶುರು ಮಾಡಿದರೆ 135 ಹತ್ತಿರ ಬಂದಾಗ ತಿರುಗಿ. ಇಬ್ಬರಲ್ಲಿ ಯಾರದ್ದು ಮೊದಲು ಅಲ್ಲಿಗೆ ಬರುತ್ತದೋ ಅವರ ಲೆಕ್ಕ. ತಮ್ಮನದ್ದು ಬೇಗ ಖಾಲಿಯಾಗಬಹುದು, ಅವಸರದವರು ಜಾಸ್ತಿ ಉಸಿರಾಡುತ್ತಾರೆ. ಅದಕ್ಕೆ ಬೈಯಬೇಡಿ. ಬೈದರೆ ಮುಂದಿನ ಸಲ ಮೀಟರ್ ತೋರಿಸುವುದಿಲ್ಲ.

ಹೋಗುವಾಗ ಎಳೆತಕ್ಕೆ ಎದುರಾಗಿ ಹೋಗಿ, ಬರುವಾಗ ಅದೇ ನಿಮ್ಮನ್ನು ತರುತ್ತದೆ. ಇಳಿದ ಕೂಡಲೇ ಮರಳು ಅಥವಾ ಹುಲ್ಲು ಯಾವ ಕಡೆ ಬಾಗುತ್ತದೆ ನೋಡಿ. ದಿಕ್ಸೂಚಿಯಲ್ಲಿ ಹೋಗುವ ದಿಕ್ಕು ಗುರುತಿಸಿಕೊಳ್ಳಿ, ಬರುವಾಗ ಅದಕ್ಕೆ 180 ಕೂಡಿಸಿ. ವಾಪಸು ಬರುವಾಗ ನೈಟ್ರೋಜನ್ ಹೊರಹೋಗಲು 5 ಮೀಟರ್ ಆಳದಲ್ಲಿ ಮೂರು ನಿಮಿಷ ಇರಿ. ದಡದ ಡೈವ್‌ನ ಸುಖ ಇದೇ, ಆ ಮೂರು ನಿಮಿಷ ಹಗ್ಗ ಹಿಡಿದು ನೇತಾಡಬೇಕಾಗಿಲ್ಲ, ಮೀನು ನೋಡುತ್ತಾ ಇರಬಹುದು.

ಲಗೂನ್ ಆಳ ಇಲ್ಲ ಅಂತ ಉಸಿರು ಬಿಗಿಹಿಡಿದು ಮೇಲೆ ಬರಬೇಡಿ. 10 ಮೀಟರಿನಿಂದ ಮೇಲಕ್ಕೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಎರಡಾಳು ನೀರಿನಿಂದಲೂ ಅಪಾಯ ಆಗಬಹುದು. ಮೇಲೆ ಬರುವ ಮೊದಲು ದೋಣಿಯ ಇಂಜಿನ್ ಸದ್ದು ಕೇಳಿಸಿಕೊಳ್ಳಿ, ಬಣ್ಣದ ಗುರುತು ಬಲೂನು ಮೇಲಕ್ಕೆ ಬಿಡಿ. ಸೀಟಿ ಜಾಕೆಟ್‌ಗೇ ಕಟ್ಟಿರಲಿ.

ಹತ್ತುವಾಗ 50 ಬಾರ್ ಆದರೂ ಇರಲಿ. ಇದನ್ನು ಅಂಡರ್‌ಲೈನ್ ಮಾಡಿ: ಒಣ ಮರಳು ಸಿಗುವವರೆಗೆ ಮಾಸ್ಕ್ ತೆಗೆಯಬಾರದು, ಬಾಯಿಂದ ರೆಗ್ಯುಲೇಟರ್ ತೆಗೆಯಬಾರದು. ನಿಂತ ಕೂಡಲೇ ಎಲ್ಲರಿಗೂ ಮಾತಾಡಬೇಕು ಅನಿಸುತ್ತದೆ. ಆ ಹೊತ್ತಿಗೇ ತೆರೆ ಬರುತ್ತದೆ. ನಿಲ್ಲಲು ಆಗದಿದ್ದರೆ ತೆವಳಿಕೊಂಡು ಬನ್ನಿ.

ಕೊಯಿಪ್ಪಾಡಿ ಕಡಪ್ಪುರ · ಡಿಸೆಂಬರ್ 6

ಕಳ್ಳಕಡಲಿನ ಬಗ್ಗೆ ಹೇಳಲು ಬಿಟ್ಟುಹೋಗಿತ್ತು. ಗಾಳಿ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಕಡಲು ಮಾತ್ರ ಕಳ್ಳನ ಹಾಗೆ ಒಳಗೆ ನುಗ್ಗುತ್ತದೆ. ದಕ್ಷಿಣದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ತೆರೆ ಅದು. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಜಾಸ್ತಿ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಕಡಲ ಮಾಹಿತಿ ಕೇಂದ್ರದವರು ಈಗ ಮೊದಲೇ ಎಚ್ಚರಿಕೆ ಕೊಡುತ್ತಾರೆ, ಲಕ್ಷದ್ವೀಪಕ್ಕೂ. ದಿನಾ ಬೆಳಿಗ್ಗೆ ನೋಡಿ. ಕೋಸ್ಟ್ ಗಾರ್ಡ್ ನಂಬರ್ 1554, ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಹೋಗುವ ಹೊತ್ತು, ಬರುವ ಹೊತ್ತು ದಡದಲ್ಲಿ ಒಬ್ಬರಿಗೆ ಹೇಳಿ ಇಳಿಯಿರಿ.

ಬೇಳದವಳು · ಫೆಬ್ರವರಿ 4

ಹೋಗಿ ಬಂದೆವು. ಹೇಗಾಯಿತು ಅಂತ ಹೇಳದಿದ್ದರೆ ನಿಮ್ಮ ಉಪಕಾರ ಮರೆತ ಹಾಗಾಗುತ್ತದೆ.

ಮೊದಲ ದಿನ ಇಳಿಯಲಿಲ್ಲ. ಗಾಳಿ ಇತ್ತು, ನೀರು ಕದಡಿತ್ತು. ಗೈಡ್ ಬೇಕಾದರೆ ಇಳಿಸುತ್ತೇನೆ ಅಂದರು. ನಾನೇ ಬೇಡ ಅಂದೆ. ತಮ್ಮ ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದ.

ಎರಡನೇ ದಿನ ಬೆಳಿಗ್ಗೆ ನೀರು ತುಂಬಿ ನಿಂತಿತ್ತು. ಹದಿನೈದು ನಿಮಿಷ ನಿಂತು ನೋಡಿದೆವು. ನಮ್ಮ ಗುರುತು: ಮುಂದೆ ಕಾಂಡದಲ್ಲಿ ನೀಲಿ ಹಗ್ಗ ಸುತ್ತಿದ ತೆಂಗು, ಹಿಂದೆ ಬಿಳಿ ನೀರಿನ ಟ್ಯಾಂಕ್. ಸೊಂಟದ ನೀರಿನಲ್ಲಿ ನಾನು ಫಿನ್ ಹಾಕುವಾಗ ತಮ್ಮ ನನ್ನ ಜಾಕೆಟ್ ಪಟ್ಟಿ ಹಿಡಿದು ಕಡಲ ಕಡೆ ನೋಡುತ್ತಿದ್ದ. ಹೇಳದೆಯೇ.

ಕೆಳಗೆ ಮೊದಲು ಕೇಳಿದ್ದು ಸದ್ದು. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಎಲ್ಲ ಕಡೆ ಚಟಪಟ. ಸಣ್ಣ ಸಿಗಡಿಗಳು ಮಾಡುವ ಸದ್ದಂತೆ. ಗಿಳಿಮೀನು ಹವಳ ಕಚ್ಚುವುದು ಬೇರೆಯಾಗಿ ಕೇಳುತ್ತಿತ್ತು, ಕಟ್ ಕಟ್ ಅಂತ. ಅದರ ಬಾಲದ ಹತ್ತಿರದಿಂದ ಬಿಳಿ ಪುಡಿ ಉದುರಿತು. ಅದೇ ಮರಳಾಗುತ್ತದೆ ಅಂತ ಗೈಡ್ ಆಮೇಲೆ ಹೇಳಿದರು. ಮೂರು ಮೀಟರ್ ನೀರಲ್ಲಿ ಕಡಲ ಹುಲ್ಲು ಮೇಯುತ್ತಾ ಒಂದು ಹಸಿರು ಆಮೆ. ನಾವು ಅಲುಗಾಡದೆ ಇದ್ದೆವು, ಅದು ತಲೆ ಎತ್ತಿ ನೋಡಿ ಮತ್ತೆ ಮೇಯಲು ಶುರು ಮಾಡಿತು.

ತಮ್ಮನದ್ದು 140ಕ್ಕೆ ಬಂದಾಗ ಅವನೇ ಮೀಟರ್ ತೋರಿಸಿ ತಿರುಗುವ ಸನ್ನೆ ಮಾಡಿದ. ಮೇಲೆ ಬಂದು ನೋಡಿದರೆ ತೆಂಗು ಟ್ಯಾಂಕಿನಿಂದ ಬಲಕ್ಕೆ ಸರಿದಿತ್ತು. ನಾವು ಎಡಕ್ಕೆ ಹೋಗಿದ್ದೆವು ಮಾವ, ನೀವು ಹೇಳಿದ ಲೆಕ್ಕವೇ. ಎರಡೂ ಗೆರೆಗೆ ಬರುವವರೆಗೆ ಈಜಿ ಹತ್ತಿದೆವು. ಹತ್ತುವಾಗ ನಾನೇ ಆಮೆಯ ಬಗ್ಗೆ ಹೇಳಲು ರೆಗ್ಯುಲೇಟರ್‌ಗೆ ಕೈ ಹಾಕಿದ್ದೆ. ತಮ್ಮ ನನ್ನ ಕೈ ಹಿಡಿದು ತಲೆ ಅಲ್ಲಾಡಿಸಿದ.

ಒಂದು ಸಣ್ಣ ವಿಷಯ. ರೆಗ್ಯುಲೇಟರ್ ನನ್ನ ಸ್ವಂತದ್ದು. ಮನೆಗೆ ಬಂದ ಮೇಲೆ ಬಾವಿ ನೀರಲ್ಲಿ ತೊಳೆದರೆ ಆಗುತ್ತದಾ?

ಮಂಜೇಶ್ವರ–ಮಾಲೆ · ಫೆಬ್ರವರಿ 4

ಬೇಳದ ಬಾವಿ ನೀರು ಸಿಹಿ ಅಲ್ವಾ, ಧಾರಾಳ ಆಗುತ್ತದೆ. ಸಿಲಿಂಡರ್‌ಗೆ ಕೂರುವ ಬಾಯಿಗೆ ಮುಚ್ಚಳ ಗಟ್ಟಿ ಹಾಕಿ, ಅರ್ಧ ಗಂಟೆ ಬಕೆಟ್‌ನಲ್ಲಿ ನೆನೆಸಿಡಿ. ನೀರಲ್ಲಿರುವಾಗ ಬಾಯಲ್ಲಿ ಕಚ್ಚುವ ಭಾಗದ ಮುಂದಿರುವ ಬಟನ್ ಒತ್ತಬೇಡಿ, ನೀರು ಒಳಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ. ತಮ್ಮನಿಗೆ ನನ್ನ ನಮಸ್ಕಾರ ಹೇಳಿ.